ಏಣಿಯಕ್ಕ ಕಂಡ ಬಿಳಿ ವೃತ್ತ

ಏಣಿಯಕ್ಕ ಏಣಿಯಿಂದ ಬಿದ್ದದ್ದು ಒಂದೇ ಸಲ, ಅದೂ ಎರಡನೇ ಮೆಟ್ಟಿಲಿನಿಂದ. ಹತ್ತೊಂಬತ್ತು ವರ್ಷ ಗೋಡೆಗಳಿಗೆ ಬಣ್ಣ ಹೊಡೆದು, ಮೂರಂತಸ್ತಿನ ಎತ್ತರದಲ್ಲಿ ನಿಂತು ಹಾಡು ಗುನುಗಿದವಳು, ಒಂದು ದಿನ ಇಳಿಯುವಾಗ ಇನ್ನೇನು ನೆಲ ಬಂತಲ್ಲ ಎಂದು ಅವಸರಪಟ್ಟಳು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡರೂ ತುಂಬಿದ ಬಣ್ಣದ ಡಬ್ಬ ಎತ್ತಲು ಆ ಕೈ ಮತ್ತೆ ಒಪ್ಪಲಿಲ್ಲ. ಊರ ಹೊರಗೆ ಕ್ಯಾರವಾನ್‌ಗಳನ್ನು ನಿಲ್ಲಿಸುವ ಬಯಲೊಂದಿತ್ತು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆ ಗಾಲಿಮನೆಗಳನ್ನು ಪ್ರವಾಸ ಮುಗಿಸಿದವರು ಅಲ್ಲಿ ಬಿಟ್ಟುಹೋಗುತ್ತಿದ್ದರು. ಅವನ್ನು ತೊಳೆಯುವ ಕೆಲಸಕ್ಕೆ ಏಣಿಯಕ್ಕ ಸೇರಿಕೊಂಡಳು.

ಚಾವಣಿ ತೊಳೆಯುವುದಕ್ಕೆ ಚಾವಣಿ ಹತ್ತಬಾರದು ಎಂಬುದು ಅವಳ ಹಟ. ಗಾಲಿಗಳಿರುವ ಕಬ್ಬಿಣದ ಅಟ್ಟಣಿಗೆಯೊಂದನ್ನು ಪಕ್ಕಕ್ಕೆ ತಂದು, ನಾಲ್ಕೂ ಗಾಲಿಗೆ ಬೀಗ ಹಾಕಿ, ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೇ ಮೇಲೇರುತ್ತಿದ್ದಳು. ಉದ್ದ ಕೋಲಿನ ಮೆತ್ತನೆ ಬ್ರಷ್‌ನಿಂದ ಉಜ್ಜುತ್ತಿದ್ದಳು. ಉಜ್ಜುವ ಮುಂಚೆ ಮಾತ್ರ ಐದು ನಿಮಿಷ ಸುಮ್ಮನೆ ನೋಡುತ್ತ ನಿಲ್ಲುವುದು ಅವಳ ಅಭ್ಯಾಸ. ಒಂದು ಚಾವಣಿಯಲ್ಲಿ ಉಪ್ಪಿನ ಪುಡಿ, ಇನ್ನೊಂದರಲ್ಲಿ ಮರದ ಅಂಟು, ಮತ್ತೊಂದರಲ್ಲಿ ಯಾವ ಹಕ್ಕಿಯೋ ಬೀಳಿಸಿಹೋದ ಒಂಟಿ ಕಾಲ್ಚೀಲ. ಇದೆಲ್ಲಿಂದ ಬಂತಪ್ಪಾ ಎಂದು ತಲೆ ಕೆರೆದುಕೊಳ್ಳುವುದರಲ್ಲಿ ಅವಳಿಗೆ ಒಂಥರಾ ಖುಷಿ.

ಒಂದು ಬೆಳಿಗ್ಗೆ ಟೀಸಿ ದಂಪತಿ ಬಂದರು. ಗಂಡ ರೈಲಿನಲ್ಲಿ ಟಿಕೆಟ್ ಪರೀಕ್ಷಿಸಿ ನಿವೃತ್ತರಾದವರು, ಆರಡಿ ಆಳು. ಹೆಂಡತಿ ಅವರ ಎದೆಮಟ್ಟಕ್ಕೆ ಬರುವ ಪುಟ್ಟ ಹೆಂಗಸು.

"ಹಾಸಿಗೆ ಮೇಲೆ ನೀರು ತೊಟ್ಟಿಕ್ತಿದೆ ಕಣಮ್ಮ" ಎಂದರು ಟೀಸಿ. "ಮೂವತ್ತೈದು ವರ್ಷ ಟಿಕೆಟ್ ಇಲ್ಲದೆ ಹತ್ತಿದವರನ್ನ ಹಿಡಿದಿದೀನಿ. ಈ ನೀರು ಎಲ್ಲಿ ಹತ್ತುತ್ತೆ ಅಂತ ಮಾತ್ರ ಸಿಕ್ತಿಲ್ಲ."

"ಮೇಲೆ ನೋಡಿದ್ರಾ?"

"ಇವಳು ಚಾವಣಿ ಕಿಂಡಿಯಿಂದ ನೋಡಿದಾಳೆ. ಬೆಳ್ಳಗಿದೆಯಂತೆ. ಆದ್ರೂ ನಾನೇ ಮುಂದಿನ ವಾರ ಹತ್ತಿ ತೊಳೀಬೇಕು ಅಂತಿದೀನಿ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಏಣಿಯಕ್ಕ ಅಟ್ಟಣಿಗೆ ಏರಿ ನೋಡಿ ಬೆರಗಾದಳು. ಚಾವಣಿಯೆಲ್ಲ ಪಾಚಿಗಟ್ಟಿ ಕಪ್ಪು ಹಸಿರಾಗಿತ್ತು. ಆದರೆ ನಡುವಿನ ಗಾಳಿಕಿಂಡಿಯ ಸುತ್ತ ಮಾತ್ರ, ಕೈವಾರ ಇಟ್ಟು ಎಳೆದ ಹಾಗೆ, ಬೆಳ್ಳನೆಯ ವೃತ್ತ! ಮಳೆ ಹೀಗೆ ದುಂಡಗೆ ತೊಳೆಯುವುದುಂಟೇ? ಬಗ್ಗಿ ನೋಡಿದಳು. ಕಿಂಡಿಯ ಅಂಚಿಗೆ ನೀರು ಇಳಿಯದಂತೆ ಬಳಿದಿದ್ದ ಅಂಟು ಕಿತ್ತು ಎದ್ದಿತ್ತು. ಅದರ ಸಂದಿನಲ್ಲಿ ತುಕ್ಕು ಹಿಡಿದ ಸಣ್ಣ ಸಣ್ಣ ತಂತಿಯ ಚೂರುಗಳು. ಪಾತ್ರೆ ತಿಕ್ಕುವ ತಂತಿಜುಂಗು! ಕಿಂಡಿಯ ಪಕ್ಕದಲ್ಲೇ ತಗಡು ಬಟ್ಟಲಿನಂತೆ ಒಳಗೆ ತಗ್ಗಿತ್ತು. ಯಾರೋ ಮಂಡಿ ಊರಿದ್ದರು.

ವೃತ್ತದ ಅಗಲವನ್ನು ಅವಳು ಕಣ್ಣಿನಲ್ಲೇ ಅಳೆದಳು. ಕಿಂಡಿಯೊಳಗೆ ನಿಂತು ತೋಳು ಚಾಚಿದರೆ ಎಷ್ಟು ದೂರ ಹೋಗುತ್ತದೋ ಅಷ್ಟು. ಆದರೆ ಆ ತೋಳು ಟೀಸಿಯವರದಾಗಲು ಸಾಧ್ಯವೇ ಇರಲಿಲ್ಲ. ತನ್ನದಕ್ಕಿಂತಲೂ ಗಿಡ್ಡ.

ಕೆಳಗಿಳಿದವಳು ಟೀಸಿಯವರನ್ನು ನೀರಿನ ಪೈಪು ತರಲು ಬಯಲಿನ ಆಚೆ ತುದಿಗೆ ಕಳಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಮ್ಮಾ, ಮಂಚದ ಮೇಲೆ ಏನಿಟ್ಕೊಂಡು ಹತ್ತಿದ್ರಿ?"

ಆಕೆಯ ಮುಖ ಕೆಂಪಾಯಿತು. "ಸ್ಟೂಲು" ಎಂದರು.

"ಯಾಕಮ್ಮಾ?"

"ಹೋದ ವರ್ಷದಿಂದ ಅವರಿಗೆ ತಲೆಸುತ್ತು ಕಣಕ್ಕ. ಎತ್ತರ ಹತ್ತಬೇಡಿ ಅಂದಿದಾರೆ ಡಾಕ್ಟರು. ಕೇಳ್ತಾರಾ? ಓಡೋ ರೈಲಲ್ಲಿ ಬೋಗಿಯಿಂದ ಬೋಗಿಗೆ ದಾಟಿದವನು ನಾನು ಅಂತಾರೆ. ಚಾವಣಿ ಬೆಳ್ಳಗಿದೆ ಅಂದ್ರೆ ಹತ್ತಲ್ಲ ಅಂದ್ಕೊಂಡೆ. ಪೂರ್ತಿ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಕೈಗೆ ಎಟುಕಿದಷ್ಟು ತಿಕ್ಕಿಬಿಟ್ಟೆ."

ಏಣಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೆ ಮಂಡಿಯ ಗುರುತು ನೆನಪಾಗಿ ನಗು ಅಲ್ಲೇ ನಿಂತಿತು. "ಆ ತಗಡಿನ ಕೆಳಗೆ ಬರೀ ಬೆಂಡಿನಂಥ ಹಲಗೆ ಇರೋದು. ಇನ್ನೊಂದು ಮಂಡಿ ಊರಿದ್ರೆ ನೀವು ಹಾಸಿಗೆ ಮೇಲಲ್ಲ, ಒಲೆ ಮೇಲೆ ಬೀಳ್ತಿದ್ರಿ" ಎಂದಳು.

ಪೈಪು ಹೆಗಲಿಗೆ ಹಾಕಿಕೊಂಡು ಟೀಸಿ ಬಂದರು. ಏಣಿಯಕ್ಕ ಹೆಂಡತಿಯ ಸುದ್ದಿ ಎತ್ತಲಿಲ್ಲ. "ಈ ಚಾವಣಿ ಮನುಷ್ಯರ ಭಾರ ತಡೆಯೋದಲ್ಲ ಸಾರ್. ಯಾರೂ ಹತ್ತೋ ಹಾಗಿಲ್ಲ" ಎಂದಷ್ಟೇ ಹೇಳಿದಳು.

"ಯಾರೂ ಅಂದ್ರೆ... ನಾನೂನಾ?"

"ನೀವೂನೂ."

ಟೀಸಿ ಪೈಪನ್ನು ನೆಲಕ್ಕಿಳಿಸಿ ಉಸ್ಸಪ್ಪಾ ಎಂದು ಅದರ ಪಕ್ಕದಲ್ಲೇ ಕುಳಿತುಬಿಟ್ಟರು. "ನಾಲ್ಕು ತಿಂಗಳಿಂದ ಮುಂದಿನ ವಾರ, ಮುಂದಿನ ವಾರ ಅಂತ ತಳ್ಳುತ್ತಾ ಬಂದಿದೀನಿ. ಎರಡನೇ ಮೆಟ್ಟಿಲಿಗೇ ಕಣ್ಣು ಕತ್ತಲೆ ಬರುತ್ತೆ. ಇವಳ ಮುಂದೆ ಹೇಳೋದು ಹೇಗೆ?"

ಆಗ ಹೆಂಡತಿ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟರು. ಸ್ಟೂಲು, ತಂತಿಜುಂಗು, ಮಂಡಿ, ಎಲ್ಲ.

"ಮಂಚದ ಮೇಲೆ ಸ್ಟೂಲಾ? ಬಿದ್ದಿದ್ರೆ ಏನೇ ಗತಿ?" ಟೀಸಿ ಧ್ವನಿ ಏರಿಸಿದರು.

"ನೀವು ಬಿದ್ದಿದ್ರೆ ಏನ್ರೀ ಗತಿ?"



ಆ ದಿನ ಏಣಿಯಕ್ಕ ಹಳೆಯ ಅಂಟನ್ನು ಕೆರೆದು ತೆಗೆದು, ಒಣಗಿಸಿ, ಹೊಸದನ್ನು ಬಳಿದಳು. ಮರುದಿನ ಇಬ್ಬರನ್ನೂ ಕರೆದು, ನೆಲದ ಮೇಲೇ ನಿಂತು ಉದ್ದ ಕೋಲಿನಿಂದ ಉಜ್ಜುವುದನ್ನು ಕಲಿಸಿದಳು. ಸಾಬೂನಿನ ನೀರು ತೆಳ್ಳಗಿರಬೇಕು, ಕಿಂಡಿ ಮುಚ್ಚಿರಬೇಕು, ಗಾಳಿ ಜೋರಿದ್ದ ದಿನ ಕೋಲನ್ನೇ ಮುಟ್ಟಬಾರದು. ಕೋಲಿಗೆ ಎಟುಕದ ನಡುಭಾಗವನ್ನು ವರ್ಷಕ್ಕೊಮ್ಮೆ ಅವಳ ಅಟ್ಟಣಿಗೆಗೆ ಬಿಡಬೇಕು. ಟೀಸಿಯವರ ಎತ್ತರಕ್ಕೆ ಕೋಲು ಸಲೀಸಾಗಿ ಮೇಲೆ ಹೋಯಿತು. ಹೆಂಡತಿ ದೂರ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ಅದು ಬಲ" ಎಂದು ಕೂಗುತ್ತಿದ್ದರು.

ಮಳೆಗಾಲದಲ್ಲಿ ಆಕೆಯ ಫೋನು ಬಂತು. ಮೂರು ದಿನದಿಂದ ಬಿಡದೆ ಸುರಿಯುತ್ತಿದೆಯಂತೆ, ಹಾಸಿಗೆ ಬೆಚ್ಚಗಿದೆಯಂತೆ.

"ಈಗ ಇವರು ಕೋಲು ನನ್ನ ಕೈಗೇ ಕೊಡ್ತಿಲ್ಲ ಕಣಕ್ಕ" ಎಂದು ದೂರಿದರು. ಹಿಂದಿನಿಂದ ಟೀಸಿಯವರ ದನಿ ಕೇಳಿಸಿತು: "ನಿಂಗೆ ಎಡ ಬಲ ಗೊತ್ತಾಗಲ್ಲ ಅಂತಾನೂ ಹೇಳು!"