ಬಾನೆಟ್ಟಿನ ಮೇಲೆ ಐದು ಬಾಣ

ನೇಲ್ ಪಾಲಿಶ್‌ನಂಥದೇ ವಾಸನೆ, ಅಷ್ಟೇ ಪುಟ್ಟ ಬಣ್ಣದ ಬಾಟಲಿ, ಮುಚ್ಚಳದಲ್ಲೇ ಕುಂಚ. ಯಜಮಾನರ ಕಾರಿಗೆ ಹಚ್ಚಲೆಂದು ಇವತ್ತು ತೆರೆದದ್ದೇ ತಡ, ದೊಡ್ಡಪ್ಪನ ನೆನಪಾಯಿತು. ಗಾಬರಿಯಾಗಬೇಡಿ, ಅವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ತಮಿಳುನಾಡಿನಲ್ಲೇ ಬೆಳೆದವರು, ಮಾತೆಲ್ಲ ಕನ್ನಡ, ಆದರೆ ಕನ್ನಡ ಓದಲು ಬಾರದು. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಯಜಮಾನರಿಗೆ ನಾನು ಡ್ರೈವರ್. ಕಾರು ವಿದೇಶದ್ದು, ಮುತ್ತಿನ ಬಿಳುಪು. ನನಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇದೆ: ಕಂಡವರ ದನಿಯನ್ನೆಲ್ಲ ಅನುಕರಿಸುವುದು. ಕೆಲವು ವರ್ಷಗಳ ಹಿಂದೆ ಉಡುಮಲೈಪೇಟೆಯ ನಮ್ಮ ಮನೆಯಲ್ಲಿ ಅಕ್ಕನ ಮದುವೆ. ಮದುಮಗನನ್ನು ಕರೆತರಲು ಯಜಮಾನರು ತಾವಾಗಿಯೇ ಕೀ ಕೊಟ್ಟರು. ನಾನೋ, ಅವರು ಫೋನಿನಲ್ಲಿ ಸೀನುತ್ತಲೇ ಬೈಯುವ ಪರಿಯನ್ನು ಭಾವನ ಕಡೆಯವರಿಗೆ ಆಡಿ ತೋರಿಸುತ್ತ ಕಾರು ಓಡಿಸಿದೆ. ನಗು ಏರಿದಂತೆ ಮುಂದಿದ್ದ ಜಲ್ಲಿ ಲಾರಿ ಹತ್ತಿರವಾಯಿತು. ಟಪಟಪನೆ ಐದು ಕಲ್ಲು. ಬಾನೆಟ್ಟಿನ ಮೇಲೆ ಐದು ಕಡೆ ಎಳ್ಳಿನಷ್ಟಗಲ ಬಣ್ಣ ಹಾರಿತ್ತು.

ಮರುದಿನ ಸಂಜೆ ಕಾರು ಒಪ್ಪಿಸಬೇಕು. ಬೈಗುಳವನ್ನು ತಡೆದುಕೊಂಡೇನು, ಅವರು ಇನ್ನೊಮ್ಮೆ ನನ್ನನ್ನು ನಂಬುವುದಿಲ್ಲವಲ್ಲ. ಅಂದು ರಾತ್ರಿ ಗುಟ್ಟಾಗಿ ಅದೇ ಬಣ್ಣದ ಬಾಟಲಿ ತಂದು ಟ್ಯೂಬ್‌ಲೈಟಿನಡಿ ಒಂದು ಚುಕ್ಕೆ ಇಟ್ಟೆ. ಎಳ್ಳಿದ್ದದ್ದು ಕಡಲೆಕಾಳಾಯಿತು.

ದೊಡ್ಡಪ್ಪ ಮೊದಲು ಮಗ್ಗದಲ್ಲಿ, ಆಮೇಲೆ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕದಲ್ಲಿ ಬಣ್ಣ ಕೂಡಿಸುತ್ತ ಆಯುಸ್ಸು ಕಳೆದವರು. ಒಂದು ಕಣ್ಣು ಮುಚ್ಚಿ, ತುಟಿ ಮುಂದೆ ಚಾಚಿ ಅವರು ಬಟ್ಟೆ ನೋಡುವುದನ್ನು ಮದುವೆ ಮನೆಯಲ್ಲಿ ಮೂರು ಸಲ ಆಡಿ ತೋರಿಸಿದ್ದೆ. ಅದೇ ಮುಖ ಈಗ ಬಾನೆಟ್ಟಿನ ಮೇಲೆ ಬಾಗಿತು.

"ಲೈಟಲ್ಲಿ ಬಣ್ಣ ನೋಡ್ತಾರೇನೋ? ಒರ್ಸು. ಬೆಳಗಾಗ್ಲಿ."

ಬೆಳಿಗ್ಗೆ ಕಾರನ್ನು ನೆರಳಿಗೆ ತರಿಸಿದರು. ಕುಂಚ ಬದಿಗಿಟ್ಟು, ಹಲ್ಲುಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ. ಅದು ಒಣಗಿದ ಮೇಲೆ ಇನ್ನೊಂದು. ನಾನು ಊದಲು ಬಗ್ಗಿದರೆ, ನಿನ್ನ ಬಾಯಿಂದ ಇಷ್ಟಾಗಿದ್ದು ಸಾಕು ಎಂದು ಗದರಿದರು. ಮಧ್ಯಾಹ್ನದ ಹೊತ್ತಿಗೆ ಐದೂ ಮಾಯ. ಬದುಕಿದೆ ಎಂದು ಕೀ ಎತ್ತಿಕೊಂಡೆ. ಅವರು ಜೇಬಿನಿಂದ ಸ್ಟಿಕ್ಕರ್ ಹಾಳೆ ತೆಗೆದರು. ಕಂಪನಿಗಳಲ್ಲಿ ಬಟ್ಟೆ ತಪಾಸಣೆ ಮಾಡುವವರು ದೋಷ ಕಂಡಲ್ಲಿ ಅಂಟಿಸುವ ಕೆಂಪು ಬಾಣಗಳವು. ಕಲ್ಲು ಬಿದ್ದ ಒಂದೊಂದು ಜಾಗಕ್ಕೂ ಒಂದೊಂದು ಅಂಟಿಸಿದರು.

"ಗೊತ್ತೇ ಆಗಲ್ವಲ್ಲ ದೊಡ್ಡಪ್ಪ, ಇದ್ಯಾಕೆ?"

"ಗೊತ್ತಾಗ್ದಂಗೆ ಸೇರ್ಸೋದು ನನ್ ವೇಲೆ. ಎಲ್ಲೀಂತ ಹೇಳೋದು ನಿನ್ ವೇಲೆ."

ವೇಲೆ ಎಂದರೆ ನಮ್ಮ ಮನೆಗನ್ನಡದಲ್ಲಿ ಕೆಲಸ. ಐದು ಬಾಣ ಹೊತ್ತ ಕಾರಿನಲ್ಲಿ ತಿರುಪ್ಪೂರಿನವರೆಗೂ ಹೋದೆ. ಯಾರ ದನಿಯಲ್ಲಿ ಹೇಳಿದರೆ ತಪ್ಪು ಹಗುರವಾದೀತೆಂದು ದಾರಿಯುದ್ದಕ್ಕೂ ಹುಡುಕಿದೆ. ಯಜಮಾನರ ಎದುರು ನಿಂತಾಗ ಒಂದೂ ಒದಗಲಿಲ್ಲ. ನನ್ನದೇ ಪೀಚು ದನಿಯಲ್ಲಿ ಎಲ್ಲ ಹೇಳಿದೆ, ಅವರ ಸೀನನ್ನು ಅನುಕರಿಸಿದ್ದನ್ನೂ ಸೇರಿಸಿ.

ಅವರು ಬಾಣದ ತುದಿಗಳನ್ನು ಬೆರಳಿನಿಂದ ಸವರಿ, ಇದು ಯಾರ ಕೈಕೆಲಸ ಎಂದು ತಮಿಳಿನಲ್ಲಿ ಕೇಳಿದರು. ಆಮೇಲೆ ಆ ಸೀನನ್ನು ಮಾಡಿ ತೋರಿಸು ಎಂದರು. ಮಾಡಿದೆ. ನಗಲಿಲ್ಲ. ಮೂಗಿನ ದನಿ ಇನ್ನೂ ಸ್ವಲ್ಪ ಬೇಕು ಎಂದು, ನಾಳೆ ಕೊಯಮತ್ತೂರಿಗೆ ಬೇಗ ಹೊರಡಬೇಕೆಂದು ತಿಳಿಸಿ ಒಳಗೆ ಹೋದರು. ಕೀ ನನ್ನ ಕೈಯಲ್ಲೇ ಉಳಿಯಿತು.

ಈಗ ಕಾರಿಗೆ ಮತ್ತೊಂದು ಕಲ್ಲು ಬಡಿದಿದೆ. ಆ ವಿಷಯ ಯಜಮಾನರಿಗೆ ನಿನ್ನೆಯೇ ಹೇಳಿ, ಕಾರನ್ನು ಮನೆಗೆ ತಂದಿದ್ದೇನೆ. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿದೆ. ಹಲ್ಲುಕಡ್ಡಿ ನನ್ನ ಕೈಗೆ ಬಂದಿದೆ.

"ಬಣ್ಣ ಸೇರ್ತೇನೋ?" ಎಂದರು ಈಗಷ್ಟೇ.

ಹೂಂ ಎಂದುಬಿಟ್ಟರೆ ಅವರಿಗೆ ತಿಳಿಯುವುದಿಲ್ಲ.

"ಇನ್ನೂ ಇಲ್ಲ ದೊಡ್ಡಪ್ಪ."

"ಹಾಗಾದ್ರೆ ಒಣಗ್ಲಿ ಬಿಡು, ಊಟ ಮಾಡೋಣ" ಎಂದು ಎದ್ದು ನಿಂತು, ಹಿಡಿದುಕೊಳ್ಳಲು ನನ್ನತ್ತ ಕೈ ಚಾಚಿದರು.