ಹಬ್ಬಿನ ಹೊರಗಿನ ಗ್ರೀಸು

ಆ ಮನೆಯಲ್ಲಿ ನನ್ನ ಹೊಟ್ಟೆ ಉರಿಯುತ್ತಿದ್ದದ್ದು ರವಿವಾರ ಬೆಳಿಗ್ಗೆ. ವಾರದ ಉಳಿದ ದಿನ ನಾನು ಒಳ್ಳೆಯವಳೇ ಇದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಆ ಮನೆಗೆ ನಾವಿಬ್ಬರು ಸೊಸೆಯರು, ಇಬ್ಬರೂ ಶಿಕ್ಷಕಿಯರು, ಶಾಲೆ ಮಾತ್ರ ಬೇರೆ ಬೇರೆ. ಹಿರಿಯವಳು ನನ್ನ ಗಂಡನ ಅಣ್ಣನ ಹೆಂಡತಿ. ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದೆ. ಹೆಣ್ಣುಮಕ್ಕಳು ಸೈಕಲ್ ಹತ್ತಿದರೆ ಓಣಿಯ ಜನ ಕಟ್ಟೆಯಿಂದ ಎದ್ದು ನೋಡುತ್ತಿದ್ದ ಕಾಲದಲ್ಲಿ ನಮಗೆ ಒಂದೊಂದು ಸೈಕಲ್ ಇತ್ತು. ಅಕ್ಕನ ಸೈಕಲ್ ಓಣಿಯೊಳಗೆ ತಿರುಗಿದ್ದು ಯಾರಿಗೂ ಕೇಳುತ್ತಿರಲಿಲ್ಲ. ನನ್ನದರ ಕಿರುಗುಟ್ಟುವಿಕೆ ಕೇಳಿ ಅತ್ತೆ ಒಳಗಿನಿಂದಲೇ ಚಹಾಕ್ಕೆ ನೀರಿಡುತ್ತಿದ್ದರು.

ಇದಕ್ಕೆ ಕಾರಣ ಭಾವ. ರವಿವಾರ ಅಂಗಳದಲ್ಲಿ ಗೋಣಿಚೀಲ ಹಾಸಿ, ಅಕ್ಕನ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಒಂದೊಂದೇ ಭಾಗ ಬಿಚ್ಚುತ್ತಿದ್ದರು. ಕಚೇರಿಯ ಗುಮಾಸ್ತರು, ಅಂಗಿಗೆ ಶಾಯಿ ತಗುಲಿದರೂ ಮುಖ ಗಂಟು ಹಾಕುವ ಮನುಷ್ಯ. ಅಂಥವರು ಹೆಂಡತಿಯ ಸೈಕಲ್ಲಿಗಾಗಿ ಮೊಣಕೈತನಕ ಹೊಲಸು ಮಾಡಿಕೊಳ್ಳುತ್ತಿದ್ದರು. ಜೊತೆಗೆ ಪಾಠ ಬೇರೆ.

"ಗಾಲಿ ನಡುವಿನ ಹಬ್ಬಿಗೆ ಈ ಹಳದಿ ಗ್ರೀಸ ಬೇಕು. ಲಾರಿಗೆ ಹಾಕೂ ಕರಿ ಗ್ರೀಸ ಬಿಗಿ ಆಗತೈತಿ, ತುಳದ ತುಳದ ಕಾಲು ಸೋಲ್ತಾವ. ಚೈನಿಗೆ ಗ್ರೀಸ ಹಚ್ಚಬಾರದು, ತೆಳ್ಳನ ಎಣ್ಣಿ ಸಾಕು. ಗ್ರೀಸ ಯಾವಾಗಲೂ ಒಳಗಿರಬೇಕು. ಹೊರಗ ಉಳದರ ಧೂಳ ಹಿಡೀತೈತಿ."

ಅಕ್ಕ ಹೂಂ ಎನ್ನುತ್ತ ಪಕ್ಕದಲ್ಲಿ ನಿಂತಿರುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾನು ನೆಪ ಮಾಡಿಕೊಂಡು ಎದ್ದೆದ್ದು ಕಿಟಕಿಯಿಂದ ನೋಡುತ್ತಿದ್ದೆ. ನನ್ನದೂ ಮಾಡಿಕೊಡಿ ಎನ್ನುವಂತಿರಲಿಲ್ಲ. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ನನ್ನ ಗಂಡ ಅದೇ ಹೊತ್ತಿಗೆ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು.

"ನನ್ನ ಸೈಕಲ್ಲೂ ಒಂದಿಷ್ಟ ನೋಡ್ರಿ" ಅಂದರೆ, "ಹೊಂಟೈತಿಲ್ಲ ಮತ್ತ?" ಎನ್ನುತ್ತಿದ್ದರು. ಓಡುತ್ತಿತ್ತು, ಅದೂ ಖರೆ.

ಕೊನೆಗೆ ಹಟಕ್ಕೆ ಬಿದ್ದು ನಾನೇ ಕೈಹಾಕಿದೆ. ಮನೆಯಲ್ಲಿ ಇದ್ದದ್ದು ಅಡುಗೆಯ ಕುಸುಬಿ ಎಣ್ಣೆ. ಹಬ್ಬಿನ ತೂತಿಗೆ, ಚೈನಿಗೆ, ಪೆಡಲಿಗೆ ಧಾರಾಳವಾಗಿ ಸುರಿದೆ. ಸ್ವಲ್ಪ ದಿನ ಸೈಕಲ್ ಬಲು ಛಲೋ ಓಡಿತು. ಆಮೇಲೆ ಎಣ್ಣೆ ಒಣಗುತ್ತ ಬಂದು ಬೆಲ್ಲದ ಪಾಕದ ಹಾಗೆ ಅಂಟಾಯಿತು. ಒಂದು ಸಂಜೆ ಕೆಲಗೇರಿ ಕೆರೆಯ ಹತ್ತಿರ ಪೆಡಲು ತುಳಿಯಲಾರದೆ ಇಳಿದು, ಮನೆಯವರೆಗೆ ತಳ್ಳಿಕೊಂಡು ಬಂದೆ.

"ಎಣ್ಣಿ ಲಗೂ ಖರ್ಚಾಗಾಕತ್ತೈತಿ ಅಂತ ಅವ್ವ ಅಂತಿದ್ಲು" ಎಂದು ನನ್ನವರು ನಕ್ಕರು. "ನೀ ಸೈಕಲ್ಲಿಗೆ ಒಗ್ಗರಣಿ ಹಾಕಾಕತ್ತಿ ಅಂತ ನಮಗೇನ ಗೊತ್ತು?"

ನಕ್ಕು ಮತ್ತೆ ಪೇಪರ್ ಎತ್ತಿಕೊಂಡರು. ನನಗಾಗಿ ಈ ಮನುಷ್ಯ ಒಂದು ಸಲವಾದರೂ ಕೈ ಹೊಲಸು ಮಾಡಿಕೊಳ್ಳಬೇಕು, ಇಷ್ಟೇ ನನ್ನ ಆಸೆ. ಅದು ಈಡೇರುವುದಿಲ್ಲ ಎಂದು ಗೊತ್ತಾದ ಮೇಲೆ ಸೈಕಲ್ ಅಂಗಡಿಯಿಂದ ಹಳದಿ ಗ್ರೀಸಿನ ಡಬ್ಬಿ ತಂದೆ. ಸೀಮೆಎಣ್ಣೆಯಲ್ಲಿ ಅಂಟನ್ನೆಲ್ಲ ತೊಳೆದು, ಕಿಟಕಿಯಿಂದ ಕಲಿತದ್ದನ್ನೆಲ್ಲ ಮಾಡಿದೆ. ಸದ್ದು ನಿಂತಿತು. ಹೊಟ್ಟೆಯ ಉರಿ ನಿಲ್ಲಲಿಲ್ಲ.

ಕೈ ಪಳಗಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಕ್ಕನ ಸೈಕಲ್ಲಿನ ಹಬ್ಬುಗಳ ಹೊರಗೆ, ಎರಡೂ ಕಡೆ, ದಪ್ಪ ಗ್ರೀಸಿನ ಬಳೆ. ಹೊರಗೆ ಇರಬಾರದು ಎಂದು ಪಾಠ ಹೇಳುವವರೇ ಹೀಗೆ ಯಾಕೆ ಬಿಡುತ್ತಾರೆ? ಹೆಂಡತಿಯ ಮೇಲಿನ ಮೋಹಕ್ಕೆ ಕೈ ಅಳತೆ ಮೀರಿದೆ ಎಂದುಕೊಂಡು ಇನ್ನಷ್ಟು ಕುದ್ದೆ.

ಸುಗ್ಗಿ ಮುಗಿದು ಒಣಗಾಳಿ ಬೀಸುತ್ತಿದ್ದ ಒಂದು ರವಿವಾರ ಭಾವ ಆ ಬಳೆಯಿಂದ ಒಂದಿಷ್ಟು ಗ್ರೀಸು ಬೆರಳಲ್ಲಿ ತೆಗೆದು, ತಿಕ್ಕಿ, ಬಿಸಿಲಿಗೆ ಹಿಡಿದರು.

"ಇದು ಕರಿ ಎರಿ ಮಣ್ಣ" ಎಂದರು, ಚಹಾ ಆಯಿತೇನು ಎಂದು ಕೇಳುವ ದನಿಯಲ್ಲಿ.

"ಗ್ರೀಸ ಕಪ್ಪ ಆಗತೈತಲ್ಲರಿ" ಎಂದಳು ಅಕ್ಕ.

"ಒಳಗಿಂದು ಕಪ್ಪ ಆಗತೈತಿ. ಇದು ಹೊರಗ ಹತ್ತಿದ್ದು. ನಿನ್ನ ಸಾಲಿ ಹಾದ್ಯಾಗ ಪೂರಾ ಕೆಂಪು ಮಣ್ಣ. ಎರಿ ಇರೂದು ಅಮ್ಮಿನಭಾವಿ ಕಡೆ. ಅಲ್ಲಿ ಯಾಕ ಹೋಗಿದ್ದಿ?"

ಉತ್ತರಕ್ಕೆ ಅವರು ಕಾಯಲಿಲ್ಲ. ಹಬ್ಬನ್ನು ಒರೆಸಿ, ಹೊಸ ಬಳೆಯನ್ನು ನಿಧಾನವಾಗಿ ಬೆರಳಿಂದ ಸುತ್ತಿದರು. ಇಷ್ಟು ದಿನ ನಾನು ಕರುಬಿದ್ದು ದಾರಿಯ ಧೂಳು ಹಿಡಿಯುವ ಈ ಕಾವಲಿಗೆ.

ಅಕ್ಕ ಒಳಗೆ ಬಂದು ಒಲೆಯ ಮುಂದೆ ಕೂತಳು. ನನ್ನ ಮುಖದಿಂದಲೇ ನಾನು ಕೇಳಿಸಿಕೊಂಡದ್ದು ಅವಳಿಗೆ ತಿಳಿಯಿತು.

"ನಿನ್ನ ಗಂಡ ನಿನ್ನ ಸೈಕಲ್ ಮುಟ್ಟೂದ ಇಲ್ಲ" ಎಂದಳು. "ಪುಣ್ಯಾ ಮಾಡೀದಿ ನೀ. ಎಷ್ಟ ಹೊಟ್ಟಿಕಿಚ್ಚ ಪಟ್ಟೇನಿ ಗೊತ್ತೇನ ನಿನ್ನ ಮ್ಯಾಲ?"

ಅಲ್ಲಿಂದ ಮುಂದೆ ಶನಿವಾರ, ಭಾವ ಕಚೇರಿಯಿಂದ ಬರುವ ಮೊದಲು, ಚಿಂದಿ ಹಿಡಿದು ಅಕ್ಕನ ಸೈಕಲ್ಲಿನ ಹತ್ತಿರ ಕೂರುವುದು ನನ್ನ ಕೆಲಸವಾಯಿತು. ಹಳೆಯ ಬಳೆ ಒರೆಸಿ ತೆಗೆಯುತ್ತಿದ್ದೆ. ನನ್ನ ಡಬ್ಬಿಯ ಗ್ರೀಸಿನಿಂದ ಅಷ್ಟೇ ದಪ್ಪದ್ದು ಹಚ್ಚಿ, ಅದರ ಮೇಲೆ ಅಂಗಳದ ಕೆಂಪು ಮಣ್ಣು ಚಿಟಿಕೆ ಚಿಟಿಕೆ ಉದುರಿಸುತ್ತಿದ್ದೆ. ರವಿವಾರ ಭಾವ ಬೆರಳಲ್ಲಿ ತಿಕ್ಕಿ ನೋಡಿ ಸಮಾಧಾನಪಡುತ್ತಿದ್ದರು.

ಎಲ್ಲಿಗೆ ಹೋಗುತ್ತೀ ಎಂದು ನಾನು ಅಕ್ಕನನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಆ ಚಿಂದಿಗೆ ಎರೆಮಣ್ಣು ಹತ್ತಿದ ಶನಿವಾರ ನನ್ನ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯುತ್ತಿತ್ತು. ಇಷ್ಟು ಕಾವಲಿನಲ್ಲೂ ಅವಳಿಗೆ ಹೋಗಲು ಒಂದು ಜಾಗವಿತ್ತು. ನನ್ನ ಸೈಕಲ್ಲನ್ನು ಯಾರೂ ಮುಟ್ಟಿ ನೋಡುತ್ತಿರಲಿಲ್ಲ, ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದಿತ್ತು. ನಾನು ಶಾಲೆಗೆ ಹೋಗಿ ಮನೆಗೆ ಬರುತ್ತಿದ್ದೆ.