ಗೋಡೆ ತುಂಬ ತಿರುವುಮುರುವು ಅಂಕಿಗಳು

ಘಾಜಿಯಾಬಾದಿನ ಶಾಲೆಯಲ್ಲಿ ಮಗಳ ಟೀಚರ್ ಎದುರು ಕುಳಿತ ನನಗೆ ಮಾತಿಗಿಂತ ಮೊದಲು ಅಳು ಬಂತು. ಐದು ವರ್ಷದ ಅನ್ವಿ ಮೂರನ್ನು ತಿರುಗಿಸಿ ಬರೆಯುತ್ತಾಳೆ; ಇಂಗ್ಲಿಷಿನ ಸಣ್ಣ ‘ಬಿ’ ಬರಿ ಎಂದರೆ ‘ಡಿ’ ಬರೆಯುತ್ತಾಳೆ. ಏನೋ ದೊಡ್ಡ ತೊಂದರೆಯೇ ಇರಬೇಕೆಂದು ಹೆದರಿಹೋಗಿದ್ದೆ.

ಟೀಚರ್ ನಗುತ್ತಾ ಗೋಡೆ ತೋರಿಸಿದರು. ಆ ತರಗತಿಯ ಮಕ್ಕಳು ಬರೆದು ಅಂಟಿಸಿದ ಹಾಳೆಗಳಲ್ಲಿ ಅರ್ಧಕ್ಕರ್ಧ ಅಂಕಿಗಳು ತಿರುವುಮುರುವಾಗಿದ್ದವು!

“ಅಚ್ಛಾ, ಇವರಿಗೆಲ್ಲ ತೊಂದರೆ ಇದೆಯಾ? ಈ ವಯಸ್ಸಿಗೆ ಇದು ಮಾಮೂಲಿ. ಎರಡನೇ ಕ್ಲಾಸ್ ದಾಟಿದ ಮೇಲೂ ಹೀಗೇ ಇದ್ದರೆ ಆಗ ನೋಡೋಣ” ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು.

ಹೊರಗೆ ಕಾಯುತ್ತಿದ್ದ ಅನ್ವಿ, “ಅಮ್ಮಾ, ಮ್ಯಾಮ್ ಗುಸ್ಸಾ ಆದ್ರಾ? ನನ್ ಮೇಲೆ ಕೋಪಾನಾ?” ಎಂದಳು. ಇಲ್ಲವೆಂದು ಎತ್ತಿ ಮುದ್ದಾಡಿದೆ.

ಈಗ ಅವಳು ಬರೆಯುವಾಗ ನಾನು ಮೊದಲಿನಂತೆ ತಪ್ಪು ಅಳಿಸಲು ರಬ್ಬರ್ ಹಿಡಿದು ಪಕ್ಕದಲ್ಲಿ ಕೂರುವುದಿಲ್ಲ. ಹೋಮ್‌ವರ್ಕ್ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಅಳುವುದಿಲ್ಲ.